ಅಪ್‌ಡೇಟ್: ಸಿಂಕ್ ಕೆಳಗಿನ ಪ್ಲೈವುಡ್ ತಂಟೆ ಬಗೆಹರಿಯಿತು

ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆಗೆ ಇಂಟೀರಿಯರ್ ಡಿಸೈನರ್ ಹೇಳಿದ ಪ್ಲೈವುಡ್ಡೇ ಹಾಕಿದ್ದಾರಾ ಅಂತ ತಿಳಿಯೋದು ಹೇಗೆ ಎಂದು ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ.

ಉಳಿದ ತುಂಡನ್ನು ನೀರಲ್ಲಿ ಕುದಿಸಿ ನೋಡಿ ಅಂದಿರಲ್ಲ, ಅದೇ ಕೆಲಸಕ್ಕೆ ಬಂತು. ಡಿಸೈನರ್ ಹೇಳಿದ್ದು ಐಎಸ್ 710 ಪ್ಲೈ, ಅಂದರೆ ನೀರಿಗೆ ಹಾಳಾಗದ ಪ್ಲೈವುಡ್‌ಗೆ ಇರುವ ಭಾರತೀಯ ಮಾನದಂಡದ್ದು; ಅದು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ನಮ್ಮದು ಎರಡೇ ಗಂಟೆಗೆ ಬಾಯಿ ಬಿಟ್ಟಿತು! ಅಂಚಿಗೆ ಉಗುರು ಹಾಕಿ ಎಳೆದರೆ ಮೇಲಿನ ಪದರ ಪೂರ್ತಿ ಕೈಗೆ ಬಂತು. ಹೊಟ್ಟೆ ಉರಿಯಿತು.

ತಟ್ಟಿ ಸದ್ದು ಕೇಳುವ ಸಲಹೆ ಉಪಯೋಗವಾಗಲಿಲ್ಲ, ನನಗೆ ಎಲ್ಲಾ ಒಂದೇ ಥರ ಕೇಳಿಸಿತು. ಐಎಸ್‌ಐ ಮುದ್ರೆ ನೋಡೋಣ ಅಂದರೆ ಅಷ್ಟರಲ್ಲಿ ಅದರ ಮೇಲೆ ಲ್ಯಾಮಿನೇಟ್ ಹಾಳೆ ಅಂಟಿಸಿಬಿಟ್ಟಿದ್ದರು.

ಆ ತುಂಡು ನೋಡಿ ಡಿಸೈನರ್ ಮೇಡಂ ಗಾಬರಿಯಾದರು. ಮರಗೆಲಸದ ಕಾಂಟ್ರಾಕ್ಟರ್ ಪ್ಲೈ ಬದಲಾಯಿಸಿದ್ದು ಅವರಿಗೂ ಗೊತ್ತಿರಲಿಲ್ಲ. ಇನ್ನೊಂದು ವಿಷಯ ಆಮೇಲೆ ಕಣ್ಣಿಗೆ ಬಿತ್ತು: ಕೊಟೇಶನ್‌ನಲ್ಲಿ ಬರೀ 'ವಾಟರ್‌ಪ್ರೂಫ್ ಪ್ಲೈ' ಅಂತಿದೆ, 710 ಅನ್ನೋ ಮಾತೇ ಇಲ್ಲ. ಪುಣ್ಯಕ್ಕೆ ಹಳೇ ವಾಟ್ಸಾಪ್ ಮೆಸೇಜಲ್ಲಿ ಇತ್ತು. ಅದನ್ನು ತೋರಿಸಿದೆ. ಸಿಂಕ್ ಕೆಳಗಿನ ಎರಡೂ ಬಾಕ್ಸ್ ಬಿಚ್ಚಿ ಹೊಸದಾಗಿ ಮಾಡಿಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ. ಕೊನೆಯ ಕಂತು ಕೊಡಬೇಡಿ ಅಂದವರ ಮಾತು ಕೇಳಿದ್ದೂ ಒಳ್ಳೇದಾಯ್ತು.

ಈ ಸಲ ಲ್ಯಾಮಿನೇಟ್ ಅಂಟಿಸುವ ಮುಂಚೆ ಪ್ರತಿ ಶೀಟಿನ ಮುದ್ರೆಯ ಫೋಟೋ ತೆಗೆದಿಟ್ಟಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.