ಒರಳುಕಲ್ಲು ಎಲ್ಲಿದೆ?

ನಮ್ಮ ಗುಂಪಿನ ಹೆಸರು 'ಶನಿವಾರಸಂತೆ ದೊಡ್ಡಮನೆ', ಅಡ್ಮಿನ್ ನಾನು. ಭಾನುವಾರ ಬೆಳಗ್ಗೆ, ಹೊರಗೆ ಮಳೆ. ಪ್ರವೀಣ ಎರಡಡಿ ಗಾಜಿನ ತೊಟ್ಟಿಯ ಫೋಟೊ ಹಾಕಿದ. ಇನ್ನೂ ನೀರಿಲ್ಲ, ಒಂದು ದೊಡ್ಡ ಕಲ್ಲುಗುಡ್ಡೆ, ಒಂದು ಚಿಕ್ಕದು, ನಡುವೆ ಓಣಿ. 'ಸಮುದ್ರದ ಮೀನು ಸಾಕ್ತೀನಿ' ಅಂತ ಬರೆದಿದ್ದ.

ಸುಧಾ ಚಿಕ್ಕಮ್ಮ: ಹವಳದ ಕಲ್ಲು ಮನೆಯಲ್ಲಿಟ್ಟರೆ 7 ವರ್ಷ ಜೈಲು!! ಎಲ್ಲರಿಗೂ ಕಳಿಸಿ 🙏

ಸುಧಾ ಚಿಕ್ಕಮ್ಮ: ಪ್ರವೀಣ ನೋಡಪ್ಪ, ಎದೆ ಡವಡವ ಅಂತಿದೆ

ರಘು ಅಣ್ಣ: ಮೂಲ ಎಲ್ಲಿ? ಯಾವ ಕಾಯ್ದೆ?

ಸುಧಾ ಚಿಕ್ಕಮ್ಮ: ಸಂಘದ ಗುಂಪಲ್ಲಿ ಬಂತು

ರಘು ಅಣ್ಣ: ಬೆಳ್ಳುಳ್ಳಿ ಔಷಧಿನೂ ಅಲ್ಲೇ ಬಂದಿತ್ತು

ಪ್ರವೀಣ: ಕಾಯ್ದೆ ನಿಜ ಚಿಕ್ಕಮ್ಮ. 1972ರ ವನ್ಯಜೀವಿ ಕಾಯ್ದೆ, ಅನುಸೂಚಿ 1, ಹುಲಿ ಜೊತೆ ಹವಳನೂ ಇದೆ. ಇದು ಸಮುದ್ರದ್ದಲ್ಲ, ಸುಟ್ಟು ಮಾಡಿದ ಸೆರಾಮಿಕ್ ಕಲ್ಲು. ಬಿಲ್ ಇದೆ

(ಇದನ್ನು ಓದಿದ್ದು ನಾನೊಬ್ಬನೇ ಇರಬೇಕು.)

ದೊಡ್ಡಪ್ಪ: ದುಡ್ಡು ಕೊಟ್ಟು ಕಲ್ಲು ತರೋ ಕಾಲ ಬಂತು. ಹಾರಂಗಿ ಹೊಳೇಲಿ ಕಲ್ಲಿಗೆ ಬರವಾ?

ಪ್ರವೀಣ: ಹೊಳೆಕಲ್ಲು ನುಣುಪು ದೊಡ್ಡಪ್ಪ. ಇದರಲ್ಲಿ ಸ್ಪಂಜಿನ ಹಾಗೆ ತೂತು, ಒಳಗೆ ಕೂರೋ ಬ್ಯಾಕ್ಟೀರಿಯಾನೇ ಮೀನಿನ ಅಮೋನಿಯಾ ಕಳೆಯೋದು. ಮೊದಲು ತಳದ ಮೇಲೆ ಕಲ್ಲು, ಆಮೇಲೆ ಮರಳು. ಮರಳ ಮೇಲೆ ಕಲ್ಲಿಟ್ರೆ ಸೀಗಡಿ ಬುಡ ಕೆದಕಿ ಗುಡ್ಡೆ ಜರಿಯುತ್ತೆ

ದೊಡ್ಡಪ್ಪ: ಗುಡ್ಡ ಜರಿಯೋದು ನಂಗೆ ಹೇಳಬೇಡ. 2018ರಲ್ಲಿ ಕಣ್ಣಾರೆ ನೋಡಿದೀನಿ. ಬುಡ ಕೆದಕಿದವರಿಗೆ ಹೋಗಿ ಹೇಳು

ಉಮೇಶ: ಸೀಗಡಿ ಅಂದ್ರೆ ಏಡಿ ನೆನಪಾಯ್ತು! ಇಂಥ ಮಳೇಲೇ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕ್ತಿದ್ವಿ. ಅಜ್ಜಿ ಒರಳಲ್ಲಿ ರುಬ್ಬಿದ ಖಾರ... ಆ ಒರಳುಕಲ್ಲು ಈಗ ಯಾರ ಮನೇಲಿದೆ?

ಹನ್ನೊಂದು ನಿಮಿಷ ಗುಂಪಿಗೆ ಉಸಿರೇ ಇಲ್ಲ. ಹಿಂದೆ ಇದೇ ಪ್ರಶ್ನೆಗೆ ಇಬ್ಬರು ಗುಂಪು ಬಿಟ್ಟು ಹೋಗಿದ್ದರು.

ದೊಡ್ಡಪ್ಪ: ಪಾಲುಪಟ್ಟೀಲಿ ಒರಳು ಬರೆದಿರಲಿಲ್ಲ

ಸುಧಾ ಚಿಕ್ಕಮ್ಮ: ಬರೆಯದೇ ಇದ್ದದ್ದು ಜೀಪಲ್ಲಿ ಹೋಯ್ತು ಭಾವ. ಯಾರ ಜೀಪು ಅಂತ ನಾನು ಹೇಳಲ್ಲ

ರಘು ಅಣ್ಣ: ಇದಕ್ಕೆ ಮೂಲ?

ಸುಧಾ ಚಿಕ್ಕಮ್ಮ: ನಾನೇ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ

ಪ್ರವೀಣ: ಕಲ್ಲಿಗೂ ಗಾಜಿಗೂ ನಡುವೆ ಎರಡು ಬೆರಳು ಬಿಡ್ಲಾ, ಮೂರಾ? ಪಾಚಿ ಒರೆಸೋ ಮ್ಯಾಗ್ನೆಟ್ ಹೋಗಬೇಕು, ನೀರೂ ಹಿಂದಿನಿಂದ ಸುತ್ತಬೇಕು

ಯಾರೂ ಉತ್ತರಿಸಲಿಲ್ಲ. ಮಧ್ಯಾಹ್ನ ದೊಡ್ಡಪ್ಪನ ಫೋಟೊ ಬಂತು. ಬಚ್ಚಲ ಹಿಂದೆ ಒರಳು, ಅಂಚಿಗೆ ಜರೀಗಿಡ, ಕುಳಿಯ ಮಳೆನೀರಲ್ಲಿ ನಾಲ್ಕೈದು ಗೊದಮೊಟ್ಟೆ.

ದೊಡ್ಡಪ್ಪ: ಬೇಕಾದವರು ಬಂದು ಎತ್ಕೊಂಡು ಹೋಗಿ

ಪ್ರವೀಣ: ಸೂಪರ್ ಟ್ಯಾಂಕ್ ದೊಡ್ಡಪ್ಪ 😄

ಸುಧಾ ಚಿಕ್ಕಮ್ಮ: ಒರಳು ಸಿಕ್ತು. ಗುಂಡುಕಲ್ಲು ಎಲ್ಲಿ?

ಉಮೇಶ: ಈ ಸಂದೇಶವನ್ನು ಅಳಿಸಲಾಗಿದೆ

ಬೆಂಗಳೂರಲ್ಲಿ ಉಮೇಶನ ಮನೆ ಬಾಲ್ಕನಿ ಬಾಗಿಲು ಗಾಳಿಗೆ ಬಡಿಯದ ಹಾಗೆ ಒಂದು ಕರಿಕಲ್ಲು ಇಟ್ಟಿದ್ದಾನೆ. ಹೋದ ಸಲ ನನ್ನ ಹೆಬ್ಬೆರಳಿಗೆ ಎಡವಿತ್ತು. ನಾನು ಪ್ರವೀಣನಿಗೆ 'ಮೂರು ಬೆರಳು ಬಿಡು' ಅಂತ ಹಾಕಿ ಫೋನ್ ಕೆಳಗಿಟ್ಟೆ.