ಲೋಕದೃಷ್ಟಿ ಅಂದ್ರೆ ಬರೀ ಅಭಿಪ್ರಾಯವಾ?

ಪ್ರಶ್ನೆ: ಮೇಡಂ, ನೀವು ತತ್ವಶಾಸ್ತ್ರ ಕಲಿಸುವವರು ಅಂತ ಕೇಳ್ತಿದ್ದೀನಿ. ‘ಲೋಕದೃಷ್ಟಿ’ ಅನ್ನೋ ಮಾತು ಆಗಾಗ ಓದುತ್ತೇನೆ. ಅಭಿಪ್ರಾಯಕ್ಕೂ ಅದಕ್ಕೂ ಏನು ವ್ಯತ್ಯಾಸ? ಈ ಯೋಚನೆ ಮೊದಲು ಬಂದದ್ದು ಎಲ್ಲಿಂದ?

ಉತ್ತರ: ವ್ಯತ್ಯಾಸ ದೊಡ್ಡದೇ ಇದೆ. ಇಬ್ಬರಿಗೆ ಒಂದೇ ಕಾಯಿಲೆ ಬಂತು ಅಂತಿಟ್ಟುಕೊಳ್ಳಿ. ಒಬ್ಬರು ‘ಇದು ಯಾವುದರಿಂದ ಬಂತು?’ ಅಂತ ಕೇಳುತ್ತಾರೆ. ಇನ್ನೊಬ್ಬರು ‘ನನಗೇ ಯಾಕೆ ಬಂತು?’ ಅಂತಾರೆ. ಇಬ್ಬರೂ ಒಬ್ಬರೇ ಡಾಕ್ಟರ ಹತ್ತಿರ ಹೋಗಬಹುದು, ಒಂದೇ ಮಾತ್ರೆ ನುಂಗಬಹುದು. ಆದರೆ ಮೊದಲನೆಯವರಿಗೆ ರೋಗಾಣುವಿನ ಹೆಸರು ಹೇಳಿದರೆ ಸಮಾಧಾನ. ಎರಡನೆಯವರಿಗೆ ಅದು ಉತ್ತರವೇ ಅಲ್ಲ. ಆಗುವುದೆಲ್ಲದರ ಹಿಂದೆ ಒಂದು ಉದ್ದೇಶ ಇರುತ್ತೆ ಅನ್ನೋದು ಅವರ ಮನಸ್ಸಲ್ಲಿ ಮೊದಲೇ ಕೂತಿದೆ. ಅದನ್ನು ಅವರು ಬಾಯಿಬಿಟ್ಟು ಹೇಳದೇ ಇರಬಹುದು, ಹಾಗೆ ನಂಬಿದ್ದೇನೆ ಅನ್ನೋದು ಅವರಿಗೇ ಗೊತ್ತಿಲ್ಲದಿರಬಹುದು. ಅಭಿಪ್ರಾಯ ಅಂದ್ರೆ ನಾವು ಕೊಡುವ ಉತ್ತರ. ಯಾವ ಪ್ರಶ್ನೆ ಕೇಳಬೇಕು ಅಂತ ಅದಕ್ಕೂ ಮೊದಲೇ ತೀರ್ಮಾನ ಮಾಡಿರುತ್ತಲ್ಲ, ಅದು ಲೋಕದೃಷ್ಟಿ.

ಈ ಪರಿಕಲ್ಪನೆ ಬಂದದ್ದು ಜರ್ಮನ್ ಚಿಂತಕರಿಂದ. ಲೋಕದೃಷ್ಟಿಗೆ ಜರ್ಮನ್ ಭಾಷೆಯಲ್ಲಿರುವ ‘ವೆಲ್ಟಾನ್‌ಶಾವುಂಗ್’ ಅನ್ನೋ ಪದವನ್ನು ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಬಳಸಿದ್ದಾನೆ. ಆಗ ಅದಕ್ಕೆ ಇಂದ್ರಿಯಗಳಿಗೆ ಕಾಣುವ ಜಗತ್ತು ಅನ್ನೋಷ್ಟೇ ಅರ್ಥ. ಬದುಕಿನ ಒಟ್ಟು ತಿಳಿವಳಿಕೆ ಅನ್ನೋ ಅರ್ಥ ಆಮೇಲೆ ಬೆಳೆದದ್ದು.

ಇದರ ಬಗ್ಗೆ ಆಳವಾಗಿ ಯೋಚಿಸಿದವನು ಜರ್ಮನ್ ತತ್ವಜ್ಞಾನಿ ವಿಲ್ಹೆಲ್ಮ್ ಡಿಲ್ತೈ. ಲೋಕದೃಷ್ಟಿ ಸುಮ್ನೆ ಕೂತು ತರ್ಕ ಮಾಡಿ ಹುಟ್ಟುವಂಥದ್ದಲ್ಲ, ಬದುಕಿನ ಅನುಭವದಿಂದ ಬರುತ್ತೆ ಅಂತ 1911ರಲ್ಲಿ ಬರೆದ. ಹುಟ್ಟು, ಸಾವು ಇವೆಲ್ಲ ಒಗಟಿನಂತೆ ಎದುರು ನಿಲ್ಲುತ್ತವೆ, ಮನುಷ್ಯ ಅದಕ್ಕೆ ಅರ್ಥ ಹುಡುಕುತ್ತಾನೆ. ಡಿಲ್ತೈ ಮೂರು ಬಗೆಗಳನ್ನೂ ಗುರುತಿಸಿದ. ಪ್ರಕೃತಿಯೇ ಎಲ್ಲ ಅನ್ನೋದು ಒಂದು, ಮನಸ್ಸು ಪ್ರಕೃತಿಗೆ ಅಡಿಯಾಳಲ್ಲ ಅನ್ನೋದು ಇನ್ನೊಂದು, ಇಡೀ ಜಗತ್ತು ಒಂದೇ ಜೀವಂತ ಸಮಗ್ರ ಅನ್ನೋದು ಮೂರನೆಯದು. ಈ ವಿಂಗಡಣೆಗಿಂತ, ಲೋಕದೃಷ್ಟಿ ಅನುಭವದಿಂದ ಬರುತ್ತೆ ಅನ್ನೋ ಅವನ ಮೊದಲನೇ ಮಾತೇ ನನಗೆ ಜಾಸ್ತಿ ಮುಖ್ಯ. ಎಷ್ಟು ವಾದ ಮಾಡಿದರೂ ಎದುರಿನವರು ಬದಲಾಗೋದಿಲ್ಲ ಯಾಕೆ ಅನ್ನೋದು ಅದರಿಂದ ಅರ್ಥವಾಗುತ್ತೆ.

ಮರುಪ್ರಶ್ನೆ: ಹಾಗಾದ್ರೆ ವಿಜ್ಞಾನವೂ ಒಂದು ಲೋಕದೃಷ್ಟಿ ಅಲ್ವಾ?

ಉತ್ತರ: ಇಲ್ಲಿ ಎರಡು ಸಂಗತಿ ಬೇರೆ ಮಾಡಿ ನೋಡಬೇಕು. ದೇವರನ್ನು ನಂಬುವವರು, ನಂಬದವರು ಒಂದೇ ಪ್ರಯೋಗವನ್ನು ಸರಿಯಾಗಿ ಮಾಡಿದರೆ ಇಬ್ಬರಿಗೂ ಒಂದೇ ಅಳತೆ ಸಿಗುತ್ತೆ. ಅದು ವಿಧಾನ. ‘ಅಳೆಯೋಕೆ ಸಿಗೋದಷ್ಟೇ ನಿಜ’ ಅಂದ್ರೆ ಅದು ಲೋಕದೃಷ್ಟಿ, ಯಾವ ಪ್ರಯೋಗವೂ ಅದನ್ನು ತೋರಿಸಿಕೊಡಲ್ಲ. ಇದಕ್ಕೆ ಎಲ್ಲರೂ ಒಪ್ಪಲ್ಲ. ಮನೋವಿಶ್ಲೇಷಣೆಗೆ, ಅಂದ್ರೆ ನಮ್ಮ ಅರಿವಿಗೆ ಬಾರದ ಮನಸ್ಸನ್ನು ಶೋಧಿಸುವ ವಿಧಾನಕ್ಕೆ, ತನ್ನದೇ ಲೋಕದೃಷ್ಟಿ ಬೇಕಿಲ್ಲ, ವಿಜ್ಞಾನದ್ದೇ ಸಾಕು ಅಂತ ಅದನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ 1933ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ನೇರವಾಗಿ ಹೇಳಿದ್ದಾನೆ.