ಅಕ್ಕನ ಐದನೇ ನಡೆ

ಗುಂಪು: ಸೋಮವಾರಪೇಟೆ ಮನೆಯವರು

ಮಡಿಕೇರಿ ಭಾವ, ರಾತ್ರಿ 8:42
(ಚಿತ್ರ, ಲಿಂಕ್)
ನಿನ್ನೆ ಮಳೆಗೆ ಕರೆಂಟ್ ಹೋಗಿತ್ತು. ಚಾರ್ಜರ್ ಲೈಟ್ ಇಟ್ಟುಕೊಂಡು ನಾನೂ ನಿಮ್ಮಕ್ಕನೂ ಚೆಸ್ ಆಡಿದೆವು. ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಇವತ್ತು ಆಟ ಪರೀಕ್ಷಿಸುವ ಲಿಚೆಸ್ ವೆಬ್‌ಸೈಟಿಗೆ ಹಾಕಿ ನೋಡಿದೆ. ನನ್ನದು 91 ಪರ್ಸೆಂಟ್ ಸರಿ, ಅವಳದು 68. ಅವಳ ಬ್ಲಂಡರ್, ಅಂದರೆ ದೊಡ್ಡ ತಪ್ಪು, 4, ನನ್ನದು ಸೊನ್ನೆ.

ಕುಶಾಲನಗರ ಚಿಕ್ಕಮ್ಮ
ಅಭಿನಂದನೆ. ಅಲ್ಲಿ ಮಳೆ ಜಾಸ್ತಿಯಾ? ಕಕ್ಕಡ ಹದಿನೆಂಟರ ಹಬ್ಬಕ್ಕೆ ಬರುತ್ತೇವೆ, ಪಾಯಸಕ್ಕೆ ಮದ್ದುಸೊಪ್ಪು ಕೊಯ್ದಿಡಿ.

ಬೆಂಗಳೂರು ತಮ್ಮ
ಭಾವ ಸೂಪರ್. ಅಕ್ಕಾ, ಐದನೇ ನಡೆಗೇ ತಪ್ಪು ಅಂತ ಗುರುತು ಬಿದ್ದಿದೆ ನೋಡು.

ನಾನು
ಭಾವ, ಬೇಜಾರು ಮಾಡಿಕೊಳ್ಳಬೇಡಿ. ಆಟವನ್ನು ಮತ್ತೆ ತೆಗೆದು ನೋಡಿದ್ದು ಒಳ್ಳೆಯದೇ. ಆದರೆ ಆ ಚಿತ್ರವನ್ನು ಇಲ್ಲಿ ಹಾಕಬಾರದಿತ್ತು. ಅಕ್ಕನನ್ನು ಕೇಳಿದಿರಾ?

ಮಡಿಕೇರಿ ಭಾವ
ಇದರಲ್ಲಿ ಮುಚ್ಚಿಡುವುದು ಏನಿದೆ? 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಏನಾಯಿತು? ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ, 55ನೇ ನಡೆ. ಡಿಂಗ್ ಲಿರೆನ್ ಆನೆಯನ್ನು ಎಫ್2 ಮನೆಗೆ ತಂದರು, ಪಟ್ಟ ಗುಕೇಶ್‌ಗೆ ಹೋಯಿತು. ವಿಶ್ವ ಚಾಂಪಿಯನ್ ಮಾಡಿದ ತಪ್ಪನ್ನೇ ಲೋಕವೆಲ್ಲ ನೋಡಿತು. ತಪ್ಪು ತೋರಿಸಿದರೆ ತಾನೇ ಕಲಿಯುವುದು?

ನಾನು
ಆ ಆಟವನ್ನು ನಾನೂ ಮೊಬೈಲಿನಲ್ಲಿ ನೋಡುತ್ತಿದ್ದೆ. ಆನೆ ಎಫ್2ಕ್ಕೆ ಬಂದ ಕೂಡಲೇ ಯಾರು ಮುಂದಿದ್ದಾರೆ ಅಂತ ತೋರಿಸುವ ಪಕ್ಕದ ಪಟ್ಟಿ ಗುಕೇಶ್‌ರ ಕಪ್ಪಿನ ಕಡೆ ತಿರುಗಿತು, ನಮಗೆಲ್ಲ ಗೊತ್ತಾಯಿತು. ಎದುರಿಗೆ ಕೂತಿದ್ದ ಗುಕೇಶ್‌ಗೆ ಮೊದಲು ಹೊಳೆದಿರಲಿಲ್ಲ. ಅವರೇ ಆಮೇಲೆ ಹಾಗೆ ಹೇಳಿದರು. ಹೊರಗೆ ಕೂತು ಸ್ಟಾಕ್‌ಫಿಶ್ ಅನ್ನುವ ಚೆಸ್ ಕಂಪ್ಯೂಟರ್ ಪ್ರೋಗ್ರಾಂ ನೋಡುವವರಿಗೆ ಎಲ್ಲವೂ ಸುಲಭ, ಅಲ್ವಾ?

ಸೋಮವಾರಪೇಟೆ ಮಾವ
ನನಗೆ ಆನೆ ಕುದುರೆ ಹೇಗೆ ನಡೆಯುತ್ತವೆ ಅಂತ ಗೊತ್ತು, ಅಷ್ಟೇ. ಏನದು ಐದನೇ ನಡೆ? ಬಿಡಿಸಿ ಹೇಳು.

ನಾನು
ಹೇಳುತ್ತೇನೆ ಮಾವ. ಹಲಗೆ ಇದ್ದರೆ ಎದುರಿಗೆ ಇಟ್ಟುಕೊಳ್ಳಿ.

ಭಾವನದು ಬಿಳಿ. ಇಬ್ಬರೂ ರಾಜನ ಮುಂದಿನ ಸೈನಿಕನನ್ನು ಎರಡು ಮನೆ ನಡೆಸಿದರು. ಇಬ್ಬರೂ ಒಂದೊಂದು ಕುದುರೆಯನ್ನು ಹೊರಗೆ ತಂದರು. ಭಾವ ಒಂಟೆಯನ್ನು ಸಿ4ಕ್ಕೆ ತಂದರು, ಅಕ್ಕ ಇನ್ನೊಂದು ಕುದುರೆಯನ್ನೂ ಹೊರಗೆ ತಂದಳು. ಆಗ ಭಾವನ ಕುದುರೆ ಜಿ5ಕ್ಕೆ ಹಾರಿತು. ಈಗ ಒಂಟೆ, ಕುದುರೆ ಎರಡಕ್ಕೂ ಎಫ್7ರ ಮೇಲೆ ಕಣ್ಣು. ಆ ಮನೆಗೆ ರಾಜನನ್ನು ಬಿಟ್ಟರೆ ಬೇರೆ ಕಾವಲಿಲ್ಲ. ಅಕ್ಕ ಡಿ5ಕ್ಕೆ ಸೈನಿಕನನ್ನು ನೂಕಿ ಒಂಟೆಯ ದಾರಿ ಮುಚ್ಚಿದಳು. ಸರಿಯಾದ ನಡೆ. ಭಾವ ಆ ಸೈನಿಕನನ್ನು ಹೊಡೆದರು. ಅಕ್ಕ ಕುದುರೆಯಿಂದ ತಿರುಗಿ ಹೊಡೆದಳು. ಇದೇ ಐದನೇ ನಡೆ. ತಪ್ಪೇ, ಇಲ್ಲ ಅನ್ನುವುದಿಲ್ಲ. ಬಲ್ಲವರು ಇಲ್ಲಿ ಇನ್ನೊಂದು ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಓಡಿಸುತ್ತಾರೆ, ಹೋದ ಸೈನಿಕ ಹೋಗಲಿ ಅಂತ ಬಿಡುತ್ತಾರೆ. ಆದರೆ ಹೊಡೆದವರನ್ನು ತಿರುಗಿ ಹೊಡೆಯುವುದು ಯಾರಿಗಾದರೂ ಮೊದಲು ತೋಚುವ ನಡೆ.

ಆಮೇಲೆ ಭಾವ ಕುದುರೆಯನ್ನು ಬಲಿ ಕೊಟ್ಟು ಎಫ್7ಕ್ಕೆ ನುಗ್ಗಿದರು. ರಾಜ ಅದನ್ನು ತಿಂದ. ಮಂತ್ರಿ ಎಫ್3ಕ್ಕೆ ಬಂತು, ಚೆಕ್. ಇದಕ್ಕೆ ಫ್ರೈಡ್ ಲಿವರ್ ಅಂತ ಹೆಸರು, ಸುಮಾರು 400 ವರ್ಷ ಹಳೆಯ ದಾಳಿ. ಇದರ ವಿಡಿಯೋವನ್ನು ಭಾವ ಹೋದ ವಾರ ನನಗೂ ಕಳಿಸಿದ್ದರು. ಅಕ್ಕನಿಗೆ ಈ ಹೆಸರೇ ಗೊತ್ತಿಲ್ಲ.

ಮಾವ, ಈಗ ಅವಳ ಏಳನೇ ನಡೆ ನೋಡಿ. ಚೆಕ್ ಬಿದ್ದಾಗ ಎಲ್ಲರೂ ರಾಜನನ್ನು ಹಿಂದಕ್ಕೆ ಕರೆದುಕೊಳ್ಳುತ್ತಾರೆ. ಜಿ8ಕ್ಕೆ ಹೋಗಿದ್ದರೆ ಒಂಟೆ ಡಿ5ರ ಕುದುರೆಯನ್ನು ತಿಂದು ಮತ್ತೆ ಚೆಕ್, ಮೂರು ನಡೆಯಲ್ಲಿ ಮೇಟ್. ಅಕ್ಕ ರಾಜನನ್ನು ಮುಂದಕ್ಕೆ, ಹಲಗೆಯ ನಡುವೆ ಇ6ಕ್ಕೆ ತಂದು ಕುದುರೆಗೆ ಕಾವಲು ನಿಲ್ಲಿಸಿದಳು. ಆ ಕುದುರೆಯನ್ನು ಉಳಿಸಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ ದಾರಿ. ಸ್ಟಾಕ್‌ಫಿಶ್ ಆಡುವುದೂ ಅದನ್ನೇ. ಯಾರೂ ಹೇಳಿಕೊಡದೆ, ಆ ಮಂಕು ಬೆಳಕಿನಲ್ಲಿ ಅವಳೇ ಕಂಡುಕೊಂಡಳು. ಭಾವ ಹಾಕಿದ ಚಿತ್ರದಲ್ಲಿ ಇದಕ್ಕೆ ಜಾಗ ಎಲ್ಲಿದೆ? ಅಲ್ಲಿರುವುದು ತಪ್ಪುಗಳ ಎಣಿಕೆ ಮಾತ್ರ.

ಬೆಂಗಳೂರು ತಮ್ಮ
ಹಾಗಂತ 68 ಸುಳ್ಳಾಗುತ್ತದಾ ಅಣ್ಣ?

ಸೋಮವಾರಪೇಟೆ ಮಾವ
ಸುಳ್ಳಲ್ಲ ಮಾರಾಯ. ಕಾಫಿ ಮಾರುವಾಗ ವ್ಯಾಪಾರಿ ಔಟ್‌ಟರ್ನ್ ತೆಗೆಯುತ್ತಾನೆ. 50 ಕೆಜಿ ಒಣ ಕಾಫಿ ಚೀಲಕ್ಕೆ 27 ಕೆಜಿ ಬೀಜ ಬಂತು ಅನ್ನುತ್ತಾನೆ, ಅದರ ಮೇಲೆ ದುಡ್ಡು. ಅದು ಸರಿಯೇ. ಆ ವರ್ಷ ಹೂಮಳೆ ಯಾವಾಗ ಬಂತು, ಗಿಡ ಏನು ಕಷ್ಟಪಟ್ಟಿತು ಅಂತ ಆ 27ರಲ್ಲಿ ಗೊತ್ತಾಗುವುದಿಲ್ಲ. ತೋಟದವನನ್ನು ಕೇಳಬೇಕು.

ಮಡಿಕೇರಿ ಭಾವ
ಮಾವ, ಅವಳನ್ನು ಸಣ್ಣವಳು ಮಾಡುವ ಉದ್ದೇಶ ನನಗೆ ಇಲ್ಲ. ಅವಳು ಇನ್ನೂ ಚೆನ್ನಾಗಿ ಆಡಲಿ ಅಂತ.

ನಾನು
ಗೊತ್ತು ಭಾವ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸೋತಾಗಲೆಲ್ಲ ತಪ್ಪುಗಳ ಪಟ್ಟಿ ಮಾಡಿ ಅವಳ ಮೊಬೈಲಿಗೆ ಕಳಿಸುತ್ತಿದ್ದೆ. ಒಂದು ದಿನ ಅವಳು ಹಲಗೆ ಮಡಿಸಿ ಅಟ್ಟಕ್ಕೆ ಹಾಕಿದಳು. ಎರಡು ವರ್ಷ ಅದು ಕೆಳಗೆ ಇಳಿಯಲಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಟೂರ್ನಿಗಳಲ್ಲಿ ಆಟ ಮುಗಿದ ಮೇಲೆ ಇಬ್ಬರೂ ಕೂತು ಕಾಯಿಗಳನ್ನು ಮತ್ತೆ ಜೋಡಿಸುತ್ತಾರೆ. ಪೋಸ್ಟ್‌ಮಾರ್ಟಂ ಅನ್ನುತ್ತಾರೆ. ನೀನು ಇಲ್ಲಿ ಏನು ನೋಡಿದೆ, ನನಗೆ ಇದು ಕಾಣಲಿಲ್ಲ ಅಂತ ಮಾತು. ಕಂಪ್ಯೂಟರ್ ಬರುವ ಮೊದಲಿನಿಂದಲೂ ಇರುವ ಪದ್ಧತಿ. ಗಂಡ ಹೆಂಡತಿಗೆ ಇದು ಇನ್ನೂ ಬೇಕು. ಈಗ ನಾವು ಹಾಗೇ ಮಾಡುತ್ತೇವೆ. ಸೋತವರು ಮೊದಲು ಮಾತಾಡಬೇಕು. ಮೊಬೈಲ್ ತೆಗೆಯುವುದು ಕೊನೆಗೆ, ಇಬ್ಬರಿಗೂ ಉತ್ತರ ಸಿಗದ ಕಡೆ ಮಾತ್ರ.

ಅಕ್ಕ, ರಾತ್ರಿ 9:31
ಈಗ ಅಡುಗೆ ಮುಗಿಸಿ ನೋಡಿದೆ. ಇಷ್ಟೆಲ್ಲ ಆಗಿದೆಯಾ!

ರೀ, ನೋಟ್‌ಬುಕ್ಕಿನಲ್ಲಿ 14ನೇ ನಡೆ ಪೂರ್ತಿ ಬರೆದಿಲ್ಲ ನೀವು. ಮಂತ್ರಿಯನ್ನು ನನ್ನ ಒಂಟೆಯ ದಾರಿಯಲ್ಲಿ ಇಟ್ಟಿದ್ದಿರಿ. ನೋಡಿ ಇಡಿ ಅಂತ ನಾನೇ ಹೇಳಿದೆ, ವಾಪಸ್ ತೆಗೆದುಕೊಂಡಿರಿ. ಆ ಸೊನ್ನೆ ಬಂದದ್ದು ಹಾಗೆ.

ಕುಶಾಲನಗರ ಚಿಕ್ಕಮ್ಮ
ಹೌದಾ?

ಮಡಿಕೇರಿ ಭಾವ
ಹೌದು ಚಿಕ್ಕಮ್ಮ. ನಿಜ. ವಾಪಸ್ ತೆಗೆದುಕೊಂಡದ್ದನ್ನು ಬರೆಯಬೇಕು ಅಂತ ನನಗೆ ತೋಚಲೇ ಇಲ್ಲ. ಚಿತ್ರ ತೆಗೆಯುತ್ತೇನೆ.

ಅಕ್ಕ
ಬೇಡ, ಇರಲಿ. ನನಗೆ ಐದನೇ ನಡೆಯದ್ದೇ ತಲೆಯಲ್ಲಿ ಕೊರೆಯುತ್ತಿದೆ. ತಮ್ಮಾ, ಕುದುರೆ ಎ5ಕ್ಕೆ ಅಂದೆಯಲ್ಲ, ಅದನ್ನು ನಾನು ನೋಡಿದ್ದೆ. ಆದರೆ ಆಗ ಒಂಟೆ ಬಿ5ಕ್ಕೆ ಬಂದು ಚೆಕ್ ಕೊಡುತ್ತದೆ ಅಲ್ವಾ? ಅದಕ್ಕೆ ಹೆದರಿ ಬಿಟ್ಟೆ.

ನಾನು
ಅಕ್ಕಾ, ಬಲ್ಲವರೆಲ್ಲ ಆಡುವುದು ಅದೇ ಚೆಕ್! ನೀನು ಒಂದು ನಡೆ ಮುಂದೆಯೇ ನೋಡಿದ್ದೀಯ. ಅಲ್ಲಿ ಸಿ7ರ ಸೈನಿಕನನ್ನು ಸಿ6ಕ್ಕೆ ನೂಕು. ಚೆಕ್ ತಪ್ಪುತ್ತದೆ, ಒಂಟೆಗೂ ಪೆಟ್ಟು.

ಅಕ್ಕ
ಅಯ್ಯೋ, ಸಿ6! ಸೈನಿಕ ಹೋಗಿಬಿಡುತ್ತದೆ ಅಂತ ಅದನ್ನು ಯೋಚಿಸಲೇ ಇಲ್ಲ.

ಮಡಿಕೇರಿ ಭಾವ
ಬಿ5ರ ಚೆಕ್ ನಿನಗೆ ಕಂಡಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಕೇಳಬೇಕಿತ್ತು ನಾನು.

ಅಕ್ಕ
ಈಗ ಕೇಳಿ. ಊಟಕ್ಕೆ ಇನ್ನೂ ಹೊತ್ತಿದೆ.

ಮಡಿಕೇರಿ ಭಾವ, ರಾತ್ರಿ 9:40
ಕಾಯಿ ಜೋಡಿಸಿದ್ದೇನೆ, ಐದನೇ ನಡೆಗೆ ತಂದು ನಿಲ್ಲಿಸಿದ್ದೇನೆ. ಬಾ.